ಮೈ ಲಾಯ್: ಸಿಟ್ಟು ಯಾರ ಮೇಲೆ?

ಯುದ್ಧದಲ್ಲಿ ನಡೆದ ಕ್ರೌರ್ಯ ಬಯಲಾದಾಗ ಜನ ಕೊಂದವರ ಮೇಲೆ ಸಿಟ್ಟಾಗುತ್ತಾರೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ನಾವೀಗ ಮನೆ ಮಾಡಿಕೊಂಡಿರುವ ಅಮೆರಿಕದ ಚರಿತ್ರೆಯಲ್ಲೇ ಇದಕ್ಕೆ ತೀರ ವಿರುದ್ಧವಾದ ಉದಾಹರಣೆಯೊಂದಿದೆ.

1968ರ ಮಾರ್ಚ್ 16ರಂದು ಅಮೆರಿಕದ ಸೈನಿಕರ ತುಕಡಿಯೊಂದು ವಿಯೆಟ್ನಾಮಿನ ಮೈ ಲಾಯ್ ಹಳ್ಳಿಗೆ ನುಗ್ಗಿತು. ಕೈಗೆ ಸಿಕ್ಕವರು ಮುದುಕರು, ಹೆಂಗಸರು, ಮಕ್ಕಳು. ಸತ್ತವರು ವಿಯೆಟ್ನಾಮಿನ ಪ್ರಕಾರ 504, ಅಮೆರಿಕದ ಸೈನ್ಯದ ಪ್ರಕಾರ 347. (ಹೆಣಗಳಿಗೂ ಎರಡು ಲೆಕ್ಕ!) ಮುಚ್ಚಿಟ್ಟ ಸುದ್ದಿಯನ್ನು 1969ರ ನವೆಂಬರಿನಲ್ಲಿ ಪತ್ರಕರ್ತ ಸೀಮೋರ್ ಹರ್ಶ್ ಹೊರಗೆಳೆದರು.

ಆಪಾದನೆ ಹಲವರ ಮೇಲಿದ್ದರೂ ಶಿಕ್ಷೆಯಾದದ್ದು ಲೆಫ್ಟಿನೆಂಟ್ ವಿಲಿಯಂ ಕ್ಯಾಲಿ ಒಬ್ಬನಿಗೆ. 1971ರಲ್ಲಿ ಜೀವಾವಧಿ ವಿಧಿಸಿದಾಗ ದೇಶ ಕೆರಳಿತು, ಅದೂ ತೀರ್ಪಿನ ಮೇಲೆ! ಅವನ ಪರವಾದ ಹಾಡಿನ ರೆಕಾರ್ಡು ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಆಗ ಜಾರ್ಜಿಯಾದ ಗವರ್ನರ್ ಆಗಿದ್ದ ಜಿಮ್ಮಿ ಕಾರ್ಟರ್, ಹಗಲಲ್ಲೇ ಕಾರಿನ ದೀಪ ಹಾಕಿಕೊಂಡು ಓಡಿಸಿ ಎಂದು ಜನರಿಗೆ ಕರೆಕೊಟ್ಟರು. 2002ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಪಡೆದ ಕಾರ್ಟರ್ ಅವರೇ, ಹೌದು. ಅಧ್ಯಕ್ಷ ನಿಕ್ಸನ್ ಕ್ಯಾಲಿಯನ್ನು ಗೃಹಬಂಧನಕ್ಕೆ ಬದಲಾಯಿಸಿದರು. 1974ರಲ್ಲಿ ಅವನು ಹೊರಬಂದ.

ಕುತೂಹಲದ ಸಂಗತಿಯೆಂದರೆ, ಯುದ್ಧ ಬೇಕೆನ್ನುವವರೂ ಬೇಡವೆನ್ನುವವರೂ ಇಲ್ಲಿ ಒಂದಾದರು. ಮೊದಲಿನವರಿಗೆ ಆತ 'ನಮ್ಮ ಹುಡುಗ'. ಎರಡನೆಯವರಿಗೆ ದೊಡ್ಡವರು ತಪ್ಪಿಸಿಕೊಳ್ಳಲು ಕೊಟ್ಟ ಹರಕೆಯ ಕುರಿ. ಎರಡನೆಯ ವಾದದಲ್ಲಿ ಹುರುಳಿದೆ. ಅವನ ಮೇಲಧಿಕಾರಿ ಕ್ಯಾಪ್ಟನ್ ಮೆಡಿನಾ ಖುಲಾಸೆಯಾದ. ಆದರೆ ಎರಡೂ ವಾದಗಳಲ್ಲಿ ಹಳ್ಳಿಯವರ ಮಾತೇ ಇಲ್ಲ ಎಂಬುದನ್ನು ಗಮನಿಸಿ.

ಅಂದು ಹೆಲಿಕಾಪ್ಟರನ್ನು ಸೈನಿಕರಿಗೂ ಹಳ್ಳಿಗರಿಗೂ ನಡುವೆ ಇಳಿಸಿ, 'ಇವರ ಮೇಲೆ ಗುಂಡು ಹಾರಿಸಿದರೆ ನಮ್ಮವರ ಮೇಲೇ ಹಾರಿಸಿ' ಎಂದು ತನ್ನ ಜೊತೆಯವರಿಗೆ ಹೇಳಿ, ಕೆಲವರ ಜೀವ ಉಳಿಸಿದ ಪೈಲಟ್ ಹ್ಯೂ ಥಾಂಪ್ಸನ್. ಸಾಕ್ಷಿ ಹೇಳಿದ್ದಕ್ಕೆ ಆತನಿಗೆ ಸಿಕ್ಕಿದ್ದು ಕೊಲೆ ಬೆದರಿಕೆ. ಅದಕ್ಕಾಗಿ ಸೈನಿಕ ಪದಕ ಬಂದದ್ದು 1998ರಲ್ಲಿ!

ಇದು ಅಮೆರಿಕದವರ ಕಾಯಿಲೆ ಮಾತ್ರ ಎಂದುಕೊಳ್ಳುವುದು ಬೇಡ. ಅದೇ 1968ರ ಆರಂಭದಲ್ಲಿ ಹ್ವೇ ನಗರವನ್ನು ಹಿಡಿದ ಕಮ್ಯುನಿಸ್ಟ್ ಪಡೆಗಳು ನಾಗರಿಕರನ್ನು ಸಾಮೂಹಿಕವಾಗಿ ಕೊಂದವು. ಮೈ ಲಾಯ್ ಎಂದರೆ ಒಬ್ಬರು ಹ್ವೇ ಎನ್ನುತ್ತಿದ್ದರು. ಹ್ವೇ ಎಂದರೆ ಇನ್ನೊಬ್ಬರು ಅದೆಲ್ಲ ಸರ್ಕಾರದ ಪ್ರಚಾರ ಎನ್ನುತ್ತಿದ್ದರು. ತಮ್ಮ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುವ ಚಾಳಿ. ಇಂದು ಮೈ ಲಾಯ್‌ನಲ್ಲಿ ಸತ್ತವರ ಹೆಸರು ಕೆತ್ತಿದ ಸ್ಮಾರಕವಿದೆ. ಹ್ವೇ ಬಗ್ಗೆ ಅಲ್ಲಿನ ಸರ್ಕಾರ ಬಾಯಿ ಬಿಡುವುದು ಕಡಿಮೆ.