ಮಗು ದಡ್ಡನೇ, ದಾರಿ ಬೇರೆಯೇ?

“ಎಷ್ಟು ಹೇಳಿಕೊಟ್ಟರೂ ಇವನ ತಲೆಗೆ ಹತ್ತುವುದಿಲ್ಲ” ಎಂಬ ಮಾತನ್ನು ಹೆತ್ತವರಿಂದ ನಾವು ಪದೇ ಪದೇ ಕೇಳುತ್ತೇವೆ. ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ಅದರ ಬೆನ್ನಿಗೇ “ಕನ್ನಡ ಮಾಧ್ಯಮವೇ ಕಷ್ಟವಾಯಿತೇನೋ” ಎಂಬ ಶಂಕೆಯೂ ಏಳುತ್ತದೆ. ಹಾಗೆ ತೀರ್ಮಾನಿಸುವ ಮುನ್ನ, ಪಾಠವನ್ನು ಯಾವ ಕ್ರಮದಿಂದ ಕಲಿಸಲಾಯಿತೆಂದು ವಿಚಾರಿಸುವುದು ಉಚಿತ. ಅಧ್ಯಾಪಕರ ತರಬೇತಿಯಲ್ಲಿ ನಾವು ಓದುವ ಕಲಿಕೆಯ ಸಿದ್ಧಾಂತಗಳು ಉಪಯೋಗಕ್ಕೆ ಬರುವುದು ಇಲ್ಲಿಯೇ.

ಮಗ್ಗಿಗೆ ಅಭ್ಯಾಸ ಬೇಕು. ಆದರೆ ಅಭ್ಯಾಸದ ನಿಯಮವನ್ನು ಹೇಳಿದ ಥಾರ್ನ್‌ಡೈಕರೇ, ಸರಿತಪ್ಪು ತಿಳಿಯದ ಬರಿಯ ಪುನರಾವರ್ತನೆಯಿಂದ ಫಲವಿಲ್ಲವೆಂದು ಮುಂದೆ ಕಂಡುಕೊಂಡರು. ಮನೆಯಲ್ಲಿ ಮಗ್ಗಿ ಹೇಳಿಸುವವರು ತಪ್ಪನ್ನು ಆಗಿಂದಾಗ್ಗೆ ತಿದ್ದಬೇಕು, ಸರಿಯಾದಾಗ ಮೆಚ್ಚಬೇಕು.

ಭಿನ್ನರಾಶಿಗೆ ಈ ಕ್ರಮ ಸಾಲದು. ಎರಡಕ್ಕಿಂತ ನಾಲ್ಕು ದೊಡ್ಡದಾದ್ದರಿಂದ ಅರ್ಧಕ್ಕಿಂತ ಕಾಲು ದೊಡ್ಡದೆಂದು ಮಗು ಭಾವಿಸುವುದುಂಟು. ಸುಮಾರು 7ರಿಂದ 11 ವಯಸ್ಸಿನ ಮಕ್ಕಳು ಕಣ್ಣೆದುರಿನ ವಸ್ತುಗಳನ್ನು ಆಧರಿಸಿ ಆಲೋಚಿಸುತ್ತಾರೆಂದು ಪಿಯಾಜೆ (1896–1980) ತೋರಿಸಿದರು. ಕಾಗದವೊಂದನ್ನು ಮಗುವೇ ಎರಡಾಗಿ, ಮತ್ತೆ ನಾಲ್ಕಾಗಿ ಮಡಚಲಿ. ಸಂದೇಹ ತಾನಾಗಿ ಕರಗುತ್ತದೆ.

ಮನೆಯಲ್ಲಿ ಮಲಯಾಳ ಆಡುವ ಮಗುವಿಗೆ ಕನ್ನಡ ಕಲಿಸುವಾಗ ಮೂರನೆಯ ದಾರಿ ಬೇಕು. ಕಲಿಯುವವನಿಗೆ ಮೊದಲೇ ತಿಳಿದಿರುವುದೇ ಹೊಸ ಕಲಿಕೆಗೆ ಮುಖ್ಯ ಆಧಾರವೆಂದು ಆಸುಬೆಲ್ 1968ರಲ್ಲಿ ಪ್ರತಿಪಾದಿಸಿದರು. ‘ವೇರ್’ ಕನ್ನಡದಲ್ಲಿ ಬೇರು, ‘ವಿಲ್ಲ್’ ಬಿಲ್ಲು, ‘ವಿರಲ್’ ಬೆರಳು. ಇವನ್ನು ಜೋಡಿಸಿ ತೋರಿಸಿದರೆ ಮನೆಮಾತು ಅಡ್ಡಿಯಾಗದೆ ಮೆಟ್ಟಿಲಾಗುತ್ತದೆ. ಒಂಟಿಯಾಗಿ ಓದಲಾರದ ಮಗು ಬಲ್ಲವರ ನೆರವಿನಿಂದ ಓದಬಲ್ಲುದೆಂಬ ವೈಗೋಟ್ಸ್ಕಿಯವರ ವಿಚಾರದಂತೆ, ಅದರ ಪಕ್ಕದಲ್ಲಿ ಮುಂದಿನ ತರಗತಿಯ ಮಗುವನ್ನು ಕೂರಿಸಬಹುದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಈತ ನೋಡಿ ಕಲಿಯುವವನು, ಆಕೆ ಕೇಳಿ ಕಲಿಯುವವಳು ಎಂದು ಮಕ್ಕಳನ್ನು ವಿಂಗಡಿಸುವ ರೂಢಿಯೊಂದಿದೆ. ಅಂಥ ವಿಂಗಡಣೆಗೆ ತಕ್ಕಂತೆ ಕಲಿಸಿದರೆ ಕಲಿಕೆ ಹೆಚ್ಚುವುದೆಂಬುದಕ್ಕೆ ಸಾಕಷ್ಟು ಆಧಾರವಿಲ್ಲವೆಂದು ಪ್ಯಾಶ್ಲರ್ ಮತ್ತು ಸಂಗಡಿಗರು 2008ರಲ್ಲಿ ವಿಮರ್ಶಿಸಿ ತಿಳಿಸಿದರು. ಮಗ್ಗಿಯಲ್ಲಿ ಮುಂದಿರುವ ಮಗುವೇ ಭಿನ್ನರಾಶಿಯಲ್ಲಿ ತಡವರಿಸಬಹುದು. ಆದ್ದರಿಂದ ಮಗುವಿಗೆ ಹಣೆಪಟ್ಟಿ ಕಟ್ಟುವುದಲ್ಲ. ಪಾಠ ಯಾವುದು, ಮಗು ನಿಂತಿರುವುದು ಎಲ್ಲಿ ಎಂಬುದನ್ನು ನೋಡಿ ಕ್ರಮವನ್ನು ಆರಿಸಬೇಕು.

ಹೆತ್ತವರಲ್ಲಿ ನಮ್ಮ ವಿನಂತಿ ಇಷ್ಟೇ: ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸುವ ಯೋಚನೆ ಬಂದಾಗ, ಅದು ಎಡವಿದ ಪಾಠದ ಪುಸ್ತಕದೊಡನೆ ಒಮ್ಮೆ ಅಧ್ಯಾಪಕರನ್ನು ಕಾಣಿರಿ. ಬದಲಾಗಬೇಕಾದುದು ಶಾಲೆಯೋ, ಕಲಿಸುವ ದಾರಿಯೋ ಎಂಬುದನ್ನು ಕೂಡಿ ಆಲೋಚಿಸೋಣ.