ಕೊಟ್ಟಿಗೆಯಲ್ಲಿ ನಿಂತ ಜಾವಾ

ನವಿಲುತೀರ್ಥದ ಎರಡು ಗುಡ್ಡಗಳ ನಡುವಿನ ಸಂದಿಯಲ್ಲಿ ಮಲಪ್ರಭೆಗೆ ಅಣೆಕಟ್ಟು ಎದ್ದದ್ದು 1970ರ ದಶಕದ ಆರಂಭದಲ್ಲಿ. ಆ ಹೊತ್ತಿಗೆ ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಜಾವಾ ಮೋಟಾರ್‌ಸೈಕಲ್‌ಗಳು ಕರ್ನಾಟಕದ ರಸ್ತೆಗಳಲ್ಲಿ ಗುಡುಗುತ್ತಿದ್ದವು. ಅಂಥದೊಂದು ಗಾಡಿ ಸವದತ್ತಿಯೋ ಬೈಲಹೊಂಗಲವೋ, ಈ ಸೀಮೆಯ ಯಾವುದೋ ಹಳೆಯ ಮನೆಯ ಕೊಟ್ಟಿಗೆಯಲ್ಲಿ ನಿಂತಿದೆ ಎಂದುಕೊಳ್ಳಿ. ಮೇಲೆ ಗೋಣಿತಟ್ಟು, ಪಕ್ಕದಲ್ಲಿ ಗೊಬ್ಬರದ ಚೀಲ, ಹಿಂದೆ ಎರಡು ಎಮ್ಮೆ. ಅಜ್ಜ ಓಡಿಸಿದ ಗಾಡಿ. ಅಜ್ಜನ ನಂತರ ಯಾರೂ ಮುಟ್ಟಿಲ್ಲ. ರಜೆಗೆ ಬಂದ ಮೊಮ್ಮಗ ತಟ್ಟು ಸರಿಸಿ ಕಿಕ್ ತುಳಿಯುತ್ತಾನೆ. ಅದು ಜಗ್ಗುವುದಿಲ್ಲ. “ಜಂಗ ಹಿಡದೈತಿ ತಮ್ಮಾ, ಮೋಡಕಾಕ ಹಾಕೋದ ಚಲೋ” ಎಂದು ಮನೆಯವರು ಹೇಳುತ್ತಾರೆ.

ಗಾಡಿ ಓಡಿ ಓಡಿ ಸವೆದುಹೋಗಿದೆ ಎಂದು ನಾವು ಭಾವಿಸುತ್ತೇವೆ. ಬಿಚ್ಚಿ ನೋಡಿದರೆ ಕಾಣುವ ಕಥೆ ಬೇರೆ. ಓಡಿದ್ದಕ್ಕಿಂತ ಹೆಚ್ಚಿನ ಕೇಡನ್ನು ನಿಂತ ವರ್ಷಗಳೇ ಮಾಡಿರುತ್ತವೆ. ಹಾಗಾಗಿ ಹಳೆಯ ಗಾಡಿಯನ್ನು ಮನೆಯಲ್ಲೇ ಮತ್ತೆ ಎಬ್ಬಿಸುವ ಕೆಲಸದಲ್ಲಿ ಪಾನಾ ಹಿಡಿಯುವುದಕ್ಕಿಂತ ಮೊದಲು ನಿಂತಾಗ ಏನಾಯಿತು ಎಂಬುದನ್ನು ತಿಳಿಯಬೇಕು.

ಮೊದಲು ಗಾಡಿಯ ಕುಲಗೋತ್ರ. ಜಾವಾ ಹುಟ್ಟಿದ್ದು 1929ರಲ್ಲಿ, ಚೆಕೊಸ್ಲೊವಾಕಿಯಾದಲ್ಲಿ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ವಿನ್ಯಾಸ ಕೊಂಡ. ತನ್ನ ಹೆಸರಿನ ಮೊದಲೆರಡು ರೋಮನ್ ಅಕ್ಷರಕ್ಕೆ (Ja) ವಾಂಡರರ್ ಹೆಸರಿನ ಮೊದಲೆರಡು ಅಕ್ಷರ (Wa) ಸೇರಿಸಿದ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಲೈಸೆನ್ಸ್ ಪಡೆದು ಇವನ್ನು ತಯಾರಿಸತೊಡಗಿದ್ದು 1961ರಲ್ಲಿ. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. 65 ಮಿ.ಮೀ. ವ್ಯಾಸದ ಒಂದೇ ಸಿಲಿಂಡರ್, 75 ಮಿ.ಮೀ. ಏರಿಳಿಯುವ ಪಿಸ್ಟನ್, ಅಂದರೆ ಸುಮಾರು 250 ಸಿ.ಸಿ. ಸಿಲಿಂಡರ್ ಒಂದಾದರೂ ಸೈಲೆನ್ಸರ್ ಎರಡು. ಕಿಕ್ಕಿಗೂ ಗೇರಿಗೂ ಒಂದೇ ಕಡ್ಡಿ: ಒಳಗೆ ಒತ್ತಿ ತಿರುಗಿಸಿದರೆ ಕಿಕ್, ಹೊರಗೆ ಬಂದರೆ ಗೇರು. ಟೂ ಸ್ಟ್ರೋಕ್ ಎಂಜಿನ್ ಆದ್ದರಿಂದ ಕವಾಟಗಳ ಗೊಡವೆಯಿಲ್ಲ. ಬಿಡಿಭಾಗಗಳು ಕಡಿಮೆ. ಮನೆಯಲ್ಲಿ ಬಿಚ್ಚಿ ಜೋಡಿಸಲು ಇದಕ್ಕಿಂತ ಸರಳವಾದ ಎಂಜಿನ್ ಸಿಗುವುದು ಕಷ್ಟ.

ಇನ್ನು ಜಂಗು. ಕಬ್ಬಿಣ, ನೀರು, ಆಮ್ಲಜನಕ ಮೂರೂ ಕೂಡಿದರೆ ಜಂಗು ಹುಟ್ಟುತ್ತದೆ. ಒಂದು ತಪ್ಪಿದರೂ ಇಲ್ಲ. ನಮ್ಮ ಹಿರಿಯರ ಹಗೇವು ನೆನಪಿಸಿಕೊಳ್ಳಿ. ನೆಲದೊಳಗೆ ಜೋಳ ತುಂಬಿ ಬಾಯಿ ಮುಚ್ಚಿದರೆ ಒಳಗಿನ ಆಮ್ಲಜನಕ ತೀರಿ ಹುಳುವಿಗೆ ಉಸಿರಿಲ್ಲದಂತಾಗುತ್ತದೆ. ಕಬ್ಬಿಣದ ಮೇಲಿನ ಎಣ್ಣೆಯ ಪದರ ಮಾಡುವುದೂ ಅದನ್ನೇ, ಗಾಳಿ ನೀರು ಎರಡನ್ನೂ ಹೊರಗಿಡುತ್ತದೆ. ಗಾಡಿ ಓಡುತ್ತಿದ್ದಾಗ ಈ ಎಣ್ಣೆ ದಿನವೂ ಹೊಸದಾಗುತ್ತಿರುತ್ತದೆ. ನಿಂತಾಗ ಅದು ಜಾರಿ ಕೆಳಗಿಳಿಯುತ್ತದೆ, ಲೋಹ ಬೆತ್ತಲಾಗುತ್ತದೆ. ಗಾಳಿಯ ತೇವ ಶೇ. 60 ದಾಟಿತೆಂದರೆ ಜಂಗಿನ ವೇಗ ಏರುತ್ತದೆ. ಸವದತ್ತಿಯ ಬೇಸಿಗೆ ಒಣ ಬೇಸಿಗೆ, ನಿಜ. ಆದರೆ ಮಳೆಗಾಲ ಪ್ರತಿ ವರ್ಷವೂ ಬರುತ್ತದೆ, ಗಾಡಿ ನಿಂತದ್ದು ಇಪ್ಪತ್ತು ವರ್ಷ.

ಕೊಟ್ಟಿಗೆ ಈ ಕೇಡಿಗೆ ಇನ್ನೆರಡನ್ನು ಸೇರಿಸುತ್ತದೆ. ಪೊಟ್ಯಾಷ್ ಗೊಬ್ಬರದಲ್ಲಿ ಕ್ಲೋರೈಡ್ ಇರುತ್ತದೆ. ಅದರ ಧೂಳು ಕಬ್ಬಿಣದ ಮೇಲೆ ಕೂತರೆ ಗಾಳಿಯ ತೇವವನ್ನು ಹೀರಿ ಜಂಗಿಗೆ ಬೇಕಾದ ಉಪ್ಪುನೀರನ್ನು ಅಲ್ಲೇ ಒದಗಿಸುತ್ತದೆ. ಎರಡನೆಯದು ದನದ ಗಂಜಲದಿಂದ ಏಳುವ ಅಮೋನಿಯಾ. ಬ್ರಿಟಿಷರ ಕಾಲದಲ್ಲಿ ಭಾರತದ ಸೇನೆಗೆ ಒಂದು ಒಗಟು ಕಾಡಿತ್ತು: ಮಳೆಗಾಲದಲ್ಲಿ ಕುದುರೆ ಲಾಯದ ಬಳಿ ಇಟ್ಟ ತೋಟಾಗಳ ಹಿತ್ತಾಳೆ ಕೋಶಗಳು ತಾವಾಗಿಯೇ ಬಿರುಕು ಬಿಡುತ್ತಿದ್ದವು. ತೇವದ ಜೊತೆ ಲಾಯದ ಅಮೋನಿಯಾ ಸೇರಿ, ಬಿಗಿತ ಉಳಿದಿದ್ದ ಹಿತ್ತಾಳೆಯನ್ನು ಕಣಗಳ ಸಂದಿಯಲ್ಲೇ ಸೀಳುತ್ತಿತ್ತು. ಕಾರ್ಬುರೇಟರಿನ ಜೆಟ್ಟುಗಳು ಹಿತ್ತಾಳೆಯವು. ಎಮ್ಮೆಗಳ ಪಕ್ಕ ನಿಂತ ಗಾಡಿಯ ಜೆಟ್ಟಿನಲ್ಲಿ ಹಸಿರು ಕಿಲುಬು ಕಂಡರೆ ಅಚ್ಚರಿಯಿಲ್ಲ. ಬಿರುಕಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ.

ಈಗ ಜಗ್ಗದ ಕಿಕ್ಕಿಗೆ ಬರೋಣ. ಸಿಲಿಂಡರ್ ಎರಕದ ಕಬ್ಬಿಣದ್ದು, ಪಿಸ್ಟನ್ ಅಲ್ಯೂಮಿನಿಯಮ್ಮಿನದು, ಅದರ ಸುತ್ತಲಿನ ರಿಂಗು ಮತ್ತೆ ಕಬ್ಬಿಣ. ಪಿಸ್ಟನ್ ಕೆಳಗೆ ನಿಂತಿದ್ದರೆ ಸೈಲೆನ್ಸರ್ ಕಡೆಯ ಕಿಂಡಿ ತೆರೆದೇ ಇರುತ್ತದೆ. ತೇವದ ಗಾಳಿ ಕೊಳವೆಯ ಮೂಲಕ ಒಳಹೊಕ್ಕು ರಿಂಗನ್ನೂ ಗೋಡೆಯನ್ನೂ ಬೆಸೆಯುತ್ತದೆ. ಜಂಗು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ಊದಿಕೊಂಡು ಸಂದಿಯನ್ನೆಲ್ಲ ಬಿಗಿಯುತ್ತದೆ. ಇಲ್ಲಿ ಸುತ್ತಿಗೆ ಎತ್ತಿದರೆ ಪಿಸ್ಟನ್ ಒಡೆಯುತ್ತದೆ. ಮಾಡಬೇಕಾದ್ದು ಪ್ಲಗ್ ಬಿಚ್ಚಿ, ಡೀಸೆಲ್ಲಿಗೆ ತೆಳು ಎಣ್ಣೆ ಬೆರೆಸಿ ಸುರಿದು, ಕಾಯುವುದು. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ದ್ರವ ಕಿರಿದಾದ ಸಂದಿಗೆ ತಾನೇ ನುಗ್ಗುತ್ತದೆ. ಸಂದಿ ಕಿರಿದಾದಷ್ಟೂ ಎಳೆತ ಜಾಸ್ತಿ, ಆದರೆ ಹರಿವು ನಿಧಾನ. ಆದ್ದರಿಂದ ಒಂದು ರಾತ್ರಿ ಸಾಲದು, ವಾರ ಬೇಕು. ಆಮೇಲೆ ಗಾಡಿಯನ್ನು ಮೇಲಿನ ಗೇರಿನಲ್ಲಿಟ್ಟು ಹಿಂದೆ ಮುಂದೆ ಮೆಲ್ಲಗೆ ಜಗ್ಗಿ. ಕೂದಲೆಳೆಯಷ್ಟು ಅಲುಗಿದರೂ ಅರ್ಧ ಗೆದ್ದಂತೆ.

ಎಣ್ಣೆಗೆ ಬಗ್ಗದ ಕಡೆ ಬಿಸಿ ಬೇಕು. ಕಮ್ಮಾರ ಚಕ್ಕಡಿಯ ಗಾಲಿಗೆ ಹಳಿ ಹಾಕುವುದನ್ನು ಹಿರಿಯರು ನೋಡಿರುತ್ತಾರೆ. ಕುಳ್ಳಿನ ಬೆಂಕಿಯಲ್ಲಿ ಹಳಿ ಕಾಯಿಸಿ, ಹಿಗ್ಗಿಸಿ, ಗಾಲಿಗೆ ತೊಡಿಸಿ, ನೀರು ಹಾಕಿ ಕುಗ್ಗಿಸುವ ಕಸುಬು ಅದು. ಎಂಜಿನ್ನಿನ ಅಲ್ಯೂಮಿನಿಯಂ ಕೇಸಿನಲ್ಲಿ ಕೂತ ಉಕ್ಕಿನ ಬೇರಿಂಗ್ ತೆಗೆಯುವಾಗಲೂ ಇದೇ ಯುಕ್ತಿ. ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ. 60 ಮಿ.ಮೀ. ರಂಧ್ರವನ್ನು 80 ಡಿಗ್ರಿ ಹೆಚ್ಚು ಕಾಯಿಸಿದರೆ ಅದು ಸುಮಾರು 0.11 ಮಿ.ಮೀ. ಅಗಲವಾಗುತ್ತದೆ. ಅಷ್ಟಾದರೆ ಸಾಕು, ಬಡಿದರೂ ಬಾರದ ಬೇರಿಂಗ್ ಕೈತಟ್ಟಿಗೇ ಬೀಳಬಹುದು.

ಪೆಟ್ರೋಲ್ ಟ್ಯಾಂಕಿನ ಒಳಗಿನ ಜಂಗಿಗೆ ಅಡುಗೆಮನೆಯಲ್ಲೇ ಮದ್ದಿದೆ. ತಾಮ್ರದ ಕೊಡ ಬೆಳಗುವ ಹುಣಸೆಹುಳಿಯಲ್ಲಿ ಟಾರ್ಟಾರಿಕ್ ಆಮ್ಲವಿದೆ. ಅದು ಜಂಗಿನ ಕಬ್ಬಿಣವನ್ನು ಹಿಡಿದು ನೀರಿನಲ್ಲಿ ಕರಗಿಸುತ್ತದೆ. ಹುಣಸೆಯ ನಾರು ಟ್ಯಾಂಕಿನಲ್ಲಿ ಸಿಕ್ಕಿಕೊಳ್ಳುವುದರಿಂದ ಸಿಟ್ರಿಕ್ ಆಮ್ಲದ ಪುಡಿಯೇ ಅನುಕೂಲ. ಒಂದೆರಡು ದಿನ ನೆನೆಸಿ, ಚೆಲ್ಲಿ, ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಕೂಡಲೇ ಒಣಗಿಸಿ ಎಣ್ಣೆ ಸವರಬೇಕು. ತೊಳೆದು ಸಂಜೆಯವರೆಗೆ ಬಿಟ್ಟರೆ ಹೊಸ ಜಂಗು ಹಾಜರ್.

ಹೊರಗಿನ ಕಬ್ಬಿಣದ ಭಾಗಗಳಿಗೆ ವಿದ್ಯುತ್ತಿನ ದಾರಿಯಿದೆ. ಪ್ಲಾಸ್ಟಿಕ್ ಬಕೆಟಿನಲ್ಲಿ ಲೀಟರಿಗೆ ಒಂದು ಚಮಚದಂತೆ ಬಟ್ಟೆ ಸೋಡಾ ಕದಡಿ, ಬ್ಯಾಟರಿ ಚಾರ್ಜರಿನ ಋಣ ತಂತಿಯನ್ನು ಜಂಗು ಹಿಡಿದ ಭಾಗಕ್ಕೂ ಧನ ತಂತಿಯನ್ನು ಬೇಡದ ಕಬ್ಬಿಣದ ತುಂಡಿಗೂ ಕಟ್ಟಬೇಕು. ಜಂಗು ಹಿಡಿದ ಕಡೆಯಿಂದ ಜಲಜನಕದ ಗುಳ್ಳೆಗಳೆದ್ದು ಜಂಗನ್ನು ಸಡಿಲಿಸುತ್ತವೆ. ಮೂರು ಎಚ್ಚರಗಳಿವೆ. ಜಲಜನಕ ಹೊತ್ತಿಕೊಳ್ಳುವ ಅನಿಲ, ಕೆಲಸ ಬಯಲಲ್ಲೇ ಆಗಬೇಕು. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಿದರೆ ವಿಷಕಾರಿ ಕ್ರೋಮಿಯಂ ನೀರಿಗಿಳಿಯುತ್ತದೆ, ಅದು ಬೇಡ. ಅಲ್ಯೂಮಿನಿಯಂ ಭಾಗವನ್ನು ಸೋಡಾ ತಿನ್ನುತ್ತದೆ, ಅದನ್ನು ಬಕೆಟಿಗೆ ಹಾಕಬಾರದು.

ಎಲ್ಲಕ್ಕಿಂತ ದೊಡ್ಡ ಎಚ್ಚರ ಟ್ಯಾಂಕಿನ ಬೆಸುಗೆಯದು. ಗಾಳಿಯಲ್ಲಿ ಪೆಟ್ರೋಲ್ ಹಬೆ ಸುಮಾರು ಶೇ. 1.4ರಿಂದ 7.6ರವರೆಗೆ ಇದ್ದಾಗ ಕಿಡಿ ತಾಗಿದರೆ ಸ್ಫೋಟ. ಖಾಲಿ ಕಾಣುವ ಟ್ಯಾಂಕಿನಲ್ಲಿ ಇರುವುದು ಅಂಥ ಹಬೆಯೇ. ಅದಕ್ಕೆ ಮನೆಯಲ್ಲಿ ಬೆಂಕಿ ತೋರಿಸಬಾರದು. ಹಾಗೆಯೇ ಆ ಕಾಲದ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಡ್ರಮ್ಮಿನ ಧೂಳನ್ನು ಬಾಯಿಂದ ಊದದೆ, ನೀರು ಚಿಮುಕಿಸಿ ಒದ್ದೆಬಟ್ಟೆಯಲ್ಲಿ ಒರೆಸಿ. ಕ್ರೋಮ್ ಲೇಪನವೂ ಮನೆಯ ಕೆಲಸವಲ್ಲ, ಅದರ ದ್ರಾವಣ ಕ್ಯಾನ್ಸರ್ ತರುವಂಥದು.

ಕಾರ್ಬುರೇಟರಿನಲ್ಲಿ ಉಳಿದ ಪೆಟ್ರೋಲ್ ವರ್ಷಗಳಲ್ಲಿ ಹಾರಿ, ಗಾಳಿಯೊಡನೆ ಕೂಡಿ ಅಂಟಾಗುತ್ತದೆ. ಜೆಟ್ಟಿನ ರಂಧ್ರ ಒಂದು ಮಿ.ಮೀ.ಗೂ ಕಿರಿದು, ಒಂದು ಹನಿ ಅಂಟು ಸಾಕು ಮುಚ್ಚಲು. ತಂತಿ ಹಾಕಿ ಕೆರೆದರೆ ರಂಧ್ರ ಅಗಲವಾಗಿ ಅಳತೆ ಕೆಡುತ್ತದೆ. ಕಾರ್ಬುರೇಟರ್ ತೊಳೆಯುವ ದ್ರವದಲ್ಲಿ ನೆನೆಸಿ ಗಾಳಿ ಊದುವುದೇ ಸರಿ. ಕಿಡಿಯ ಲೆಕ್ಕವೂ ಅಷ್ಟೇ ನಾಜೂಕು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 50 ಕಿಡಿ. ಬೆಂಕಿ ಹರಡಲು ಸಮಯ ಬೇಕಾದ್ದರಿಂದ ಪಿಸ್ಟನ್ ತುದಿ ಮುಟ್ಟುವುದಕ್ಕೆ ಸುಮಾರು 3 ಮಿ.ಮೀ. ಮುಂಚೆಯೇ ಕಿಡಿ ಬೀಳಬೇಕು. ಕಿಡಿ ಹಾರಿಸುವ ಸಂಪರ್ಕ ತುದಿಗಳು, ಅಂದರೆ ಪಾಯಿಂಟ್, ತೆರೆದುಕೊಳ್ಳುವ ಗಳಿಗೆಯನ್ನು ಹಿಡಿಯಲು ಹಳೆಯ ಮಿಸ್ತ್ರಿಗಳು ಅವುಗಳ ನಡುವೆ ಸಿಗರೇಟಿನ ತೆಳುಕಾಗದ ಸಿಕ್ಕಿಸುತ್ತಿದ್ದರು. ಕಾಗದ ಸಡಿಲವಾಗಿ ಬಂದ ಕ್ಷಣವೇ ಕಿಡಿಯ ಕ್ಷಣ.

ಗಾಡಿ ಹೊತ್ತಿಕೊಂಡಿತು, ಎರಡು ಸೈಲೆನ್ಸರಿನಿಂದ ನೀಲಿ ಹೊಗೆ ಬಂತು, ಓಣಿಯವರೆಲ್ಲ ಹೊರಗೆ ಬಂದರು. ಆದರೆ ದೂರದ ದಾರಿ ಹಿಡಿಯಲು ಅವಸರ ಬೇಡ. ಟೂ ಸ್ಟ್ರೋಕ್ ಎಂಜಿನ್ ಕ್ರ್ಯಾಂಕ್ ಕೇಸಿನ ಮೂಲಕ ಉಸಿರಾಡುತ್ತದೆ. ಅದರ ತುದಿಗಳಲ್ಲಿರುವ ರಬ್ಬರ್ ಸೀಲುಗಳು ನಿಂತ ವರ್ಷಗಳಲ್ಲಿ ಬಿರುಸಾಗಿ ಬಿರಿದಿರುತ್ತವೆ. ಬಿರುಕಿನಿಂದ ಹೆಚ್ಚುವರಿ ಗಾಳಿ ನುಗ್ಗುತ್ತದೆ, ಮಿಶ್ರಣದಲ್ಲಿ ಪೆಟ್ರೋಲ್ ಪಾಲು ತಗ್ಗುತ್ತದೆ, ಅದಕ್ಕೆ ಬೆರೆಸಿದ ಎಣ್ಣೆಯೂ ತಗ್ಗುತ್ತದೆ, ಬಿಸಿ ಏರುತ್ತದೆ. ಆಗ ಕಬ್ಬಿಣದ ಸಿಲಿಂಡರಿಗಿಂತ ಬೇಗ ಹಿಗ್ಗಿದ ಅಲ್ಯೂಮಿನಿಯಂ ಪಿಸ್ಟನ್ ಗೋಡೆಗೆ ಕಚ್ಚಿಕೊಂಡು ಚಲಿಸುವ ಗಾಡಿಯೇ ಜಾಮ್ ಆಗುತ್ತದೆ. ಹಳೆಯ ಸೀಲುಗಳನ್ನು ಬದಲಿಸದೆ ಹೊರಡಬೇಡಿ. ಮೊದಲ ಓಟದ ನಂತರ ಪ್ಲಗ್ ಬಿಚ್ಚಿ ನೋಡಿ. ಕಾಫಿಪುಡಿಯ ಕಂದು ಇದ್ದರೆ ಮಿಶ್ರಣ ಹದವಾಗಿದೆ; ಕಪ್ಪು ಮಸಿ ಪೆಟ್ರೋಲ್ ಜಾಸ್ತಿ ಎನ್ನುತ್ತದೆ, ಬಿಳಿ ಗಾಳಿ ಜಾಸ್ತಿ ಎನ್ನುತ್ತದೆ.

ಅಜ್ಜನಿಗಿರದ ಒಂದು ಸಮಸ್ಯೆ ಮೊಮ್ಮಗನಿಗಿದೆ. ಇಂದು ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದರ ದೊಡ್ಡ ಮೂಲಗಳಲ್ಲಿ ಕಬ್ಬೂ ಒಂದು, ಬೆಳಗಾವಿ ಜಿಲ್ಲೆಯ ಸಕ್ಕರೆ ಕಾರ್ಖಾನೆಗಳೂ ಅದನ್ನು ತಯಾರಿಸುತ್ತವೆ. ಮಲಪ್ರಭೆಯ ನೀರು ಕುಡಿದ ಕಬ್ಬು ಮತ್ತೊಂದು ರೂಪದಲ್ಲಿ ಜಾವಾದ ಟ್ಯಾಂಕಿಗೆ ಬರುತ್ತದೆ ಎನ್ನಬಹುದು. ಎಥನಾಲ್ ಗಾಳಿಯ ತೇವ ಹೀರುತ್ತದೆ. ಮಿತಿ ಮೀರಿದಾಗ ನೀರು ಮತ್ತು ಎಥನಾಲ್ ಒಟ್ಟಾಗಿ ಟ್ಯಾಂಕಿನ ತಳಕ್ಕಿಳಿಯುತ್ತವೆ. ಲೀಟರಿಗೆ ಸುಮಾರು 40 ಮಿ.ಲೀ.ನಂತೆ ಬೆರೆಸಿದ ಎಣ್ಣೆ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಎಂಜಿನ್ನಿಗೆ ಮೊದಲು ಹೋಗುವುದು ತಳದ ಪದರ, ಅಂದರೆ ಎಣ್ಣೆಯಿಲ್ಲದ ದ್ರವ. ಓಡುವ ಗಾಡಿಗೆ ಇದು ತೊಂದರೆಯಲ್ಲ, ಪೆಟ್ರೋಲ್ ವಾರದಲ್ಲಿ ಖಾಲಿಯಾಗುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಗೆ ತೊಂದರೆ.

ಕಾಗದಪತ್ರದ ಮಾತೂ ಒಂದಿಷ್ಟು. 2021ರಲ್ಲಿ ಕೇಂದ್ರ ಸರ್ಕಾರ ತಂದ ನಿಯಮದಂತೆ, 50 ವರ್ಷ ಮೀರಿದ, ಮೂಲರೂಪ ಕೆಡಿಸದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹಾಗಾಗಿ ಹಳೆಯ ಭಾಗ ಎಸೆಯುವ ಮುನ್ನ ಎರಡು ಸಲ ಯೋಚಿಸಿ. ಒಂದು ಮಾತು ನೆನಪಿರಲಿ, ವಿಂಟೇಜ್ ಆದ ಗಾಡಿಯನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ.

ಎಬ್ಬಿಸಿದ ಗಾಡಿಯನ್ನು ಉಳಿಸಿಕೊಳ್ಳುವುದು ಹೇಗೆ? ಹದಿನೈದು ದಿನಕ್ಕೊಮ್ಮೆ ಅಂಗಳದಲ್ಲಿ ಎರಡು ನಿಮಿಷ ಗುಡುಗಿಸಿ ಆಫ್ ಮಾಡಿದರೆ ಆಗಲಿಲ್ಲ, ಅದು ನಿಲ್ಲಿಸುವುದಕ್ಕಿಂತ ಕೆಟ್ಟದ್ದು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹಬೆಯಾಗಿ ಹೊರಡುತ್ತದೆ. ತಣ್ಣಗಿನ ಸೈಲೆನ್ಸರಿನಲ್ಲಿ ಆ ಹಬೆ ನೀರಾಗಿ ಕೂತು ಒಳಗಿನಿಂದ ಕೊರೆಯುತ್ತದೆ. ಎಂಜಿನ್ ಪೂರ್ತಿ ಕಾಯುವಷ್ಟು, ಅರ್ಧ ಗಂಟೆಯಾದರೂ ಓಡಿಸಿ. ಅದಾಗದಿದ್ದರೆ ಪೆಟ್ರೋಲ್ ಪೂರ್ತಿ ಬಸಿದು, ಪ್ಲಗ್ ರಂಧ್ರದಲ್ಲಿ ಎರಡು ಚಮಚ ಎಣ್ಣೆ ಬಿಟ್ಟು, ಪಿಸ್ಟನ್ ಮೇಲೆ ತಂದು ನಿಲ್ಲಿಸಿ, ಸೈಲೆನ್ಸರ್ ಬಾಯಿಗೆ ಬಟ್ಟೆ ತುರುಕಿ. ಮತ್ತೆ ಕೊಟ್ಟಿಗೆಯಲ್ಲಿ ಮಾತ್ರ ನಿಲ್ಲಿಸಬೇಡಿ.