ಬಿಸಿಲು ಹೆಚ್ಚಿದೆಯೋ, ನಮಗೆ ವಯಸ್ಸಾಗಿದೆಯೋ?

2024ರ ಏಪ್ರಿಲ್ ಕೊನೆಯ ವಾರ. ಚಳ್ಳಕೆರೆ ಕಡೆಯ ನಮ್ಮೂರಲ್ಲಿ ಬೆಳಿಗ್ಗೆ ಹತ್ತಕ್ಕೇ ಬೀದಿ ಖಾಲಿ. ಬೇವಿನಕಟ್ಟೆ ಮೇಲೆ ಕೂತವರದೆಲ್ಲ ಒಂದೇ ಮಾತು, ಇಂಥ ಬಿಸಿಲು ಹುಟ್ಟಿದಾಗಿಂದ ಕಂಡಿಲ್ಲ ಅಂತ. ಪಕ್ಕದ ಹೊಲದ ಮಾವನವರು ಮಾತ್ರ ಒಪ್ಪಲಿಲ್ಲ. ಎಂಬತ್ತು ದಾಟಿದವರು. "ಎಪ್ಪತ್ತೆರಡರ ಬರದಾಗೆ ಕೆರೆ ಅಂಗಳದ ಮಣ್ಣು ಕಾಲು ಸುಡ್ತಿತ್ತು. ಆಗ ಕಾಲಿಗೆ ಮೆಟ್ಟು ಇರ್ಲಿಲ್ಲ. ಬಿಸ್ಲು ಹೆಚ್ಚಾಗಿಲ್ಲ ಕಣೋ ಅಳಿಯ, ನಿಮಗೆ ವಯಸ್ಸಾಗೈತೆ, ತಡ್ಕಳೋ ಶಕ್ತಿ ಇಲ್ಲ" ಅಂದರು.

ಮರುವರ್ಷ, 2025ರ ಫೆಬ್ರವರಿ ದೇಶದಲ್ಲಿ 1901ರಿಂದೀಚೆಗೆ ಅತಿ ಬಿಸಿಯಾದ ಫೆಬ್ರವರಿ ಎಂದು ಹವಾಮಾನ ಇಲಾಖೆ ಹೇಳಿತು. ಆದರೆ ಅದೇ ವರ್ಷ ಮೇ ತಿಂಗಳಲ್ಲಿ ಮಳೆಯೋ ಮಳೆ. ಲೆಕ್ಕ ಇಟ್ಟಾಗಿನಿಂದ ದೇಶದಲ್ಲಿ ಮೇ ತಿಂಗಳಿಗೆ ಅಷ್ಟು ಮಳೆ ಬಿದ್ದದ್ದೇ ಇಲ್ಲ. ಮುಂಗಾರು ಮೇ 24ಕ್ಕೇ ಕೇರಳ ಮುಟ್ಟಿತ್ತು. ಮಾವನವರು ಕಂಬಳಿ ಹೊದ್ದು ಕಟ್ಟೆಗೆ ಬಂದು "ಎಲ್ಲೋ ನಿನ್ನ ಭೂಮಿ ಬಿಸಿ?" ಎಂದು ನಕ್ಕರು. ಕಟ್ಟೆಯೂ ನಕ್ಕಿತು. ನನಗೆ ಆಗ ಸರಿಯಾಗಿ ಉತ್ತರ ಹೇಳಲು ಬರಲಿಲ್ಲ. ಓದಿದ್ದು ಏಳನೇ ಕ್ಲಾಸು. ಆಮೇಲೆ ಅವರಿವರನ್ನು ಕೇಳಿ, ಸಿಕ್ಕಿದ್ದನ್ನು ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಇದು ಬರೀ ಕಟ್ಟೆ ಮಾತಲ್ಲ. ನಾನು ಇದರಲ್ಲಿ ದುಡ್ಡು ಕಳೆದುಕೊಂಡಿದ್ದೇನೆ. 2016ರಲ್ಲೂ ಹೀಗೇ ಕಾದಿತ್ತು. ಆ ಏಪ್ರಿಲ್‌ನಲ್ಲಿ ಬೆಂಗಳೂರೇ 39.2 ಡಿಗ್ರಿ ಕಂಡಿತು ಎಂದರೆ ನಮ್ಮ ಕಡೆ ಕೇಳಬೇಕೆ? "ಬಿಸಿಲು ಕಾದಷ್ಟೂ ಮಳೆ ಜೋರು" ಎಂಬ ಹಳೇ ನಂಬಿಕೆ ಹಿಡಿದು, ಮನೆಯವಳ ಓಲೆ ಗಿರವಿ ಇಟ್ಟು ಬೀಜ ತಂದು, ಐದೂ ಎಕರೆಗೆ ಬರೀ ಶೇಂಗಾ ಹಾಕಿದೆ. ಅಕ್ಕಡಿ ಸಾಲೂ ಬಿಡಲಿಲ್ಲ. ಹೂವಾಡುವ ಹೊತ್ತಿಗೆ ಮಳೆ ಕೈಕೊಟ್ಟಿತು. ಬಿತ್ತಿದ ಬೀಜದಷ್ಟೂ ಮನೆಗೆ ಬರಲಿಲ್ಲ. ಓಲೆ ಬಿಡಿಸಿಕೊಳ್ಳಲು ಮೂರು ವರ್ಷ ಹಿಡಿಯಿತು. 2024ರಲ್ಲೂ ಕಾದಿತ್ತು, ಆದರೆ ಆ ವರ್ಷ ದೇಶದ ಮುಂಗಾರು ವಾಡಿಕೆಗಿಂತ ನೂರಕ್ಕೆ ಎಂಟರಷ್ಟು ಹೆಚ್ಚಾಯಿತು. ಬೇಸಿಗೆ ಬಿಸಿಲು ನೋಡಿ ಮಳೆಗೆ ಜೂಜು ಕಟ್ಟಬಾರದು ಎಂದು ನಾನು ಕಲಿತದ್ದು ಹೀಗೆ. ಭೂಮಿ ಕಾಯುವುದು ಮಳೆಗಾಳಿಯನ್ನು ಎಳೆಯುತ್ತದೆ ಎನ್ನುವುದು ಸುಳ್ಳಲ್ಲ, ಆದರೆ ಅದೊಂದರಿಂದಲೇ ಮಳೆ ಬರುವುದಿಲ್ಲ. ದೂರದ ಸಮುದ್ರಗಳ ಕೈವಾಡವೂ ಇದೆ.

ಮೊದಲು ಅಳತೆ ವಿಷಯ. ಮೊಬೈಲಿನಲ್ಲಿ ಒಂದು ಅಂಕಿ, ಟೀವಿಯಲ್ಲಿ ಇನ್ನೊಂದು, ಗೋಡೆಗೆ ತೂಗುಹಾಕಿದ್ದರಲ್ಲಿ ಮತ್ತೊಂದು. ಇಲಾಖೆಯವರು ಅಳೆಯುವುದು ಬಿಸಿಲನ್ನಲ್ಲ, ನೆರಳಿನ ಗಾಳಿಯನ್ನು. ಸಂದಿ ಸಂದಿ ಹಲಗೆಯ ಬಿಳಿ ಪೆಟ್ಟಿಗೆಯಲ್ಲಿ, ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ ಥರ್ಮಾಮೀಟರ್ ಇಟ್ಟಿರುತ್ತಾರೆ. ಎಲ್ಲ ಊರಲ್ಲೂ ಒಂದೇ ಥರ ಇಟ್ಟರೆ ತಾನೆ ಹೋಲಿಸಲು ಬರುವುದು? ಅವರ ಯಂತ್ರವೂ ತಪ್ಪುವುದುಂಟು. 2024ರ ಮೇ 29ರಂದು ದೆಹಲಿಯ ಮುಂಗೇಶಪುರದಲ್ಲಿ 52.9 ಡಿಗ್ರಿ ಎಂದು ದೇಶವೆಲ್ಲ ಸುದ್ದಿಯಾಯಿತು. ಆಮೇಲೆ ಪರೀಕ್ಷೆ ಮಾಡಿದರೆ ಆ ಯಂತ್ರ ಮೂರು ಡಿಗ್ರಿ ಹೆಚ್ಚು ತೋರಿಸುತ್ತಿತ್ತು. ಹಾಗಾಗಿ ಒಂದು ದಿನದ ಒಂದು ಅಂಕಿ ಹಿಡಿದು ಕುಣಿಯಬಾರದು, ಗೇಲಿಯನ್ನೂ ಮಾಡಬಾರದು.

ಇನ್ನು "ವಾಡಿಕೆ" ಎಂಬ ಪದ. ಪೇಪರಿನಲ್ಲಿ ವಾಡಿಕೆಗಿಂತ ನಾಲ್ಕು ಡಿಗ್ರಿ ಹೆಚ್ಚು ಎಂದು ಬರೆಯುತ್ತಾರಲ್ಲ, ಆ ವಾಡಿಕೆ ಎಂದರೆ 30 ವರ್ಷದ ಸರಾಸರಿ. ಈಗ ಬಳಸುತ್ತಿರುವುದು 1991ರಿಂದ 2020ರವರೆಗಿನದು. ಇವತ್ತಿನ ಬಿಸಿಲು, ನಾಳಿನ ಮೋಡ ಇವೆಲ್ಲ ಹವೆ. ಮೂವತ್ತು ವರ್ಷದ ನಡತೆ ನೋಡಿ ಹೇಳುವುದು ಹವಾಗುಣ.

ನಮ್ಮ ಲೆಕ್ಕದಲ್ಲೇ ಹೇಳುತ್ತೇನೆ. ಒಂದು ಹೊಲದಲ್ಲಿ ಒಂದು ವರ್ಷ ಎಕರೆಗೆ ಎಂಟು ಚೀಲ ಶೇಂಗಾ, ಇನ್ನೊಂದು ವರ್ಷ ಎರಡು ಚೀಲ. ಎರಡು ಚೀಲ ಬಂದ ವರ್ಷ ಮಣ್ಣು ಸತ್ತಿತು ಅನ್ನುತ್ತೇವೆಯೇ? ಇಲ್ಲ, ಮಳೆ ಕೆಟ್ಟಿತು ಅನ್ನುತ್ತೇವೆ. ಆದರೆ ಇಪ್ಪತ್ತು ವರ್ಷ ಕಳೆಯುವಾಗ ಒಳ್ಳೆಯ ವರ್ಷವೂ ಐದು ಚೀಲ ದಾಟುತ್ತಿಲ್ಲ, ಕೆಟ್ಟ ವರ್ಷ ಹೊಟ್ಟೂ ಇಲ್ಲ ಎಂದಾದರೆ ಆಗ ಮಣ್ಣಿಗೇ ಏನೋ ಆಗಿದೆ ಎಂದು ಗೊತ್ತಾಗುತ್ತದೆ. ಬಿಸಿಲಿನ ವಿಚಾರವೂ ಅಷ್ಟೇ. 2025ರ ತಣ್ಣನೆಯ ಮೇ ನೋಡಿ ಭೂಮಿ ಬಿಸಿಯಾಗಿಲ್ಲ ಎನ್ನುವುದೂ ತಪ್ಪು, 2024ರ ಏಪ್ರಿಲ್ ಒಂದನ್ನೇ ನೋಡಿ ಆಗಿದೆ ಎನ್ನುವುದೂ ತಪ್ಪು. ಕಟ್ಟೆಯಲ್ಲಿ ನಾನು ಮಾಡಿದ್ದು ಎರಡನೇ ತಪ್ಪು.

ಹಾಗಾದರೆ ಉದ್ದ ಲೆಕ್ಕ ಏನು ಹೇಳುತ್ತದೆ? 1901ರಿಂದ 2018ರ ಒಳಗೆ ನಮ್ಮ ದೇಶದ ಸರಾಸರಿ ಉಷ್ಣಾಂಶ ಸುಮಾರು 0.7 ಡಿಗ್ರಿ ಏರಿದೆ. 2024 ಆ ಲೆಕ್ಕದಲ್ಲೇ ಅತಿ ಬಿಸಿಯಾದ ವರ್ಷ. ಮುಕ್ಕಾಲು ಡಿಗ್ರಿಯೂ ಇಲ್ಲವಲ್ಲ, ಇದೇನು ಮಹಾ ಎಂದು ನನಗೂ ಅನ್ನಿಸಿತ್ತು. ಆದರೆ ಅದು ಹಗಲು ರಾತ್ರಿ, ಚಳಿಗಾಲ ಬೇಸಿಗೆ ಎಲ್ಲ ಸೇರಿಸಿದ ಸರಾಸರಿ. ಸರಾಸರಿ ಸ್ವಲ್ಪ ಏರಿದರೂ ತುದಿಯ ದಿನಗಳು ಬಹಳ ಹೆಚ್ಚುತ್ತವೆ. ನೂರೈವತ್ತು ವರ್ಷದ ಹಿಂದೆ ಹತ್ತು ವರ್ಷಕ್ಕೊಮ್ಮೆ ಬರುತ್ತಿದ್ದಂಥ ವಿಪರೀತ ಬಿಸಿಲು ಈಗ ಪ್ರಪಂಚದ ನೆಲದ ಮೇಲೆ ಹತ್ತು ವರ್ಷಕ್ಕೆ ಸುಮಾರು ಮೂರು ಸಲ ಬರುತ್ತಿದೆ ಎಂದು ವಿಜ್ಞಾನಿಗಳ ಲೆಕ್ಕ.

ಎಲ್ ನಿನೋ ಎಂಬ ಹೆಸರು ಕೇಳಿರುತ್ತೀರಿ. ಅತ್ತ ಪೆರು ದೇಶದ ಕಡೆಯ ಪೆಸಿಫಿಕ್ ಸಮುದ್ರ ಕೆಲವು ವರ್ಷಕ್ಕೊಮ್ಮೆ ಕಾಯುತ್ತದೆ. ಆಗ ಲೋಕಕ್ಕೇ ಬಿಸಿ, ನಮ್ಮ ಮುಂಗಾರಿಗೆ ಹಲವು ಸಲ ಪೆಟ್ಟು. 2015-16ರಲ್ಲಿ ಬಂದಿತ್ತು. 2023ರಲ್ಲಿ ಮತ್ತೆ ಬಂತು, ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತ ಎಂದು ಸರ್ಕಾರ ಸಾರಿತು. ಮಾವನವರ ಎಪ್ಪತ್ತೆರಡರ ಬರವೂ ಎಲ್ ನಿನೋ ವರ್ಷದ್ದೇ. ಅವರು ಹೇಳಿದ್ದು ಸುಳ್ಳಲ್ಲ, ಆಗಲೂ ಕಾದಿತ್ತು. ವ್ಯತ್ಯಾಸ ಇರುವುದು ಬೇರೆ ಕಡೆ. 1998ರಲ್ಲಿ ದೊಡ್ಡ ಎಲ್ ನಿನೋದಿಂದ ಪ್ರಪಂಚ ಅದುವರೆಗೆ ಕಾಣದಷ್ಟು ಕಾದಿತ್ತು. ಈಗ ನೋಡಿ, 2021, 2022ರಲ್ಲಿ ಪೆಸಿಫಿಕ್ ತಣ್ಣಗಿತ್ತು, ಆದರೂ ಆ ವರ್ಷಗಳು 1998ಕ್ಕಿಂತ ಬಿಸಿ. ಅಂದಿನ ಅತಿ ಬಿಸಿ ವರ್ಷ ಇಂದು ಬಂದಿದ್ದರೆ ತಂಪು ವರ್ಷ ಎನಿಸಿಕೊಳ್ಳುತ್ತಿತ್ತು. ಏರಿಳಿತ ಹಿಂದಿನಂತೆಯೇ ಇದೆ, ಅದು ನಿಂತಿರುವ ನೆಲ ಮೇಲಕ್ಕೆ ಬಂದಿದೆ.

ನೆಲ ಏರಿದ್ದೇಕೆ? ಇದಕ್ಕೆ ನಮ್ಮ ಕಂಬಳಿಯೇ ಸಾಕು. ಕಂಬಳಿ ತಾನಾಗಿ ಬಿಸಿ ಹುಟ್ಟಿಸುವುದಿಲ್ಲ, ಮೈಯ ಬಿಸಿ ಹೊರಗೆ ಹೋಗದಂತೆ ತಡೆಯುತ್ತದೆ. ಮೋಡ ಮುಚ್ಚಿದ ರಾತ್ರಿ ಸೆಕೆ, ಬಯಲು ಆಕಾಶದ ರಾತ್ರಿ ಚಳಿ ಮತ್ತು ಇಬ್ಬನಿ. ಹೊಲದಲ್ಲಿ ಕಾವಲು ಮಲಗಿದ ಯಾರಿಗೂ ಇದನ್ನು ಹೇಳಿಕೊಡಬೇಕಿಲ್ಲ. ಕಲ್ಲಿದ್ದಲು, ಡೀಸೆಲ್ ಸುಟ್ಟಾಗ ಬರುವ ಇಂಗಾಲದ ಡೈಆಕ್ಸೈಡ್ ಕಣ್ಣಿಗೆ ಕಾಣದ ಇಂಥದೇ ಹೊದಿಕೆ. ಕಾರ್ಖಾನೆಗಳು ಬರುವ ಮುಂಚೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅದು ಸುಮಾರು 280 ಪಾಲಿತ್ತು, ಈಗ 420 ದಾಟಿದೆ. ಸುಟ್ಟವರು ಹೆಚ್ಚಾಗಿ ನಾವಲ್ಲ. ಬೆವರುವವರಲ್ಲಿ ನಾವು ಮುಂದಿದ್ದೇವೆ.

ಹೊಲದಲ್ಲಿ ಇದರಿಂದ ಏನಾಗುತ್ತದೆ ಎನ್ನುವುದು ನಮಗೆ ಮುಖ್ಯ. ಶೇಂಗಾ ಹೂವಾಡಿ ಊಡು ಇಳಿಯುವ ಹೊತ್ತಿಗೆ ಹಗಲು 35 ಡಿಗ್ರಿ ದಾಟಿ ನಿಂತರೆ ಹೂವಿನ ಪರಾಗ ಕೆಡುತ್ತದೆ, ಗಿಡ ಹಸಿರಾಗಿದ್ದರೂ ಕಾಯಿ ಕಮ್ಮಿ. ಇನ್ನೊಂದು, ಬಿಸಿ ಗಾಳಿ ಹೆಚ್ಚು ನೀರು ಹೊರುತ್ತದೆ, ಒಂದು ಡಿಗ್ರಿಗೆ ನೂರಕ್ಕೆ ಏಳರಷ್ಟು. ಅದು ಹೊಲದ ತೇವವನ್ನು ಬೇಗ ಹೀರುತ್ತದೆ. ಸುರಿಯುವಾಗ ಒಮ್ಮೆಗೇ ಸುರಿಯುತ್ತದೆ. ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಮರುವರ್ಷವೇ ಬರ. ಇದಕ್ಕೆಲ್ಲ ಬಿಸಿಯೊಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಆದರೆ ಎರಡಕ್ಕೂ ತಯಾರಿರಬೇಕು ಎನ್ನುವುದು ನನ್ನ ಅನುಭವ.

ಈಗ ನಾನು ಐದು ಎಕರೆಯಲ್ಲಿ ಮೂರಕ್ಕೆ ಮಾತ್ರ ಶೇಂಗಾ ಹಾಕುತ್ತೇನೆ, ತೊಗರಿ ಅಕ್ಕಡಿ ಇದ್ದೇ ಇರುತ್ತದೆ. ಉಳಿದದ್ದು ನವಣೆ ಮತ್ತು ಹುರುಳಿ. ಇಳಿಜಾರಿಗೆ ಅಡ್ಡ ಬದು ಎತ್ತರಿಸಿ, ಕೆಳಗಿನ ಮೂಲೆಯಲ್ಲಿ ಹೊಂಡ ತೋಡಿಸಿದೆ. ತಿಪ್ಪೆಗೊಬ್ಬರವನ್ನು ಮೊದಲಿನ ಹಾಗೆ ಬೇಸಿಗೆಯಲ್ಲೇ ಹೊಲಕ್ಕೆ ಚೆಲ್ಲಿ ಒಣಗಿಸುವುದಿಲ್ಲ, ಮಳೆ ಬಿದ್ದು ಕುಂಟೆ ಹೊಡೆಯುವ ಮುನ್ನ ಹರಡುತ್ತೇನೆ. ಕುರಿಗಳನ್ನು ಏಪ್ರಿಲ್, ಮೇನಲ್ಲಿ ಹನ್ನೊಂದಕ್ಕೆ ನೆರಳಿಗೆ ಹೊಡೆದು, ನಾಲ್ಕರ ಮೇಲೆ ಮತ್ತೆ ಮೇಯಲು ಬಿಡುತ್ತೇವೆ.

2016ರ ಪೆಟ್ಟಿನ ಮೇಲೆ ಒಂದು ಥರ್ಮಾಮೀಟರ್ ತಂದು ಕೊಟ್ಟಿಗೆಯ ಬಡಗಣ ಬದಿಯಲ್ಲಿ, ಬಿಸಿಲು ಬೀಳದ ಕಡೆ ತೂಗುಹಾಕಿದ್ದೇನೆ. ಬೆಳಿಗ್ಗೆ ಆರಕ್ಕೆ, ಮಧ್ಯಾಹ್ನ ಮೂರಕ್ಕೆ ನೋಡಿ ಮಳೆಯ ಜೊತೆ ಬರೆದಿಡುತ್ತೇನೆ. ಬೆಳಗಿನ ಅಂಕಿ ಬಿಡಬೇಡಿ, ರಾತ್ರಿ ಎಷ್ಟು ತಣಿಯಿತು ಎಂದು ಹೇಳುವುದು ಅದೇ. ಪುಸ್ತಕ ಮೂವತ್ತು ವರ್ಷ ತುಂಬಲು ಇನ್ನೂ ಬಹಳ ಬೇಕು, ಅಷ್ಟರಲ್ಲಿ ನನಗೆ ನಿಜಕ್ಕೂ ವಯಸ್ಸಾಗಿರುತ್ತದೆ. ಮಗನಿಗೆ ನೋಡುವುದು ಕಲಿಸಿದ್ದೇನೆ. ಮಾವನವರೂ ದಾರಿಯಲ್ಲಿ ಹೋಗುವಾಗ ಒಳಗೆ ಇಣುಕಿ "ಇವತ್ತು ಎಷ್ಟೈತೋ?" ಎಂದು ಕೇಳುತ್ತಾರೆ.